ಅಡುಗೆಯ ಕ್ರಮದಲ್ಲಿ ಬರೆಯದ ಹವೆ

ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು, ಕೈಬಿಡದೆ ತಿರುವಿ ಗಂಜಿ ಕಾಯಿಸಿ. ಆರಿದ ಮೇಲೆ ಮಜ್ಜಿಗೆ ಬೆರೆಸಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಉಪ್ಪು, ಈರುಳ್ಳಿ, ಕೊತ್ತಂಬರಿ ಸೇರಿಸಿ ಕುಡಿಯಿರಿ. ಅಂಬಲಿ ಮಾಡುವ ಕ್ರಮ ಇಷ್ಟೇ. ತುಮಕೂರು, ಮಂಡ್ಯಗಳ ಮನೆಗಳಲ್ಲಿ ಇದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಇದೇ ಕ್ರಮವನ್ನು ಜನವರಿ ತಿಂಗಳಲ್ಲಿ ದೆಹಲಿಯ ದ್ವಾರಕಾದಲ್ಲೋ ನೊಯ್ಡಾದಲ್ಲೋ ಇರುವ ಫ್ಲ್ಯಾಟಿನಲ್ಲಿ ಒಂದಿಷ್ಟೂ ತಪ್ಪದೆ ಪಾಲಿಸಿ ನೋಡಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗಿರುವುದು ನಿನ್ನೆಯ ಗಂಜಿಯೇ. ಹುಳಿಯಿಲ್ಲ, ಘಮವಿಲ್ಲ, ಮೇಲೊಂದು ದಪ್ಪ ಕೆನೆ ಮಾತ್ರ ಕಟ್ಟಿರುತ್ತದೆ. ಪಕ್ಕದಲ್ಲಿಟ್ಟ ಇಡ್ಲಿ ಹಿಟ್ಟೂ ಎಷ್ಟಿತ್ತೋ ಅಷ್ಟೇ ಇರುತ್ತದೆ.

ಕೈಗುಣ ಹೋಯಿತೆಂದೋ, ಇಲ್ಲಿನ ಉದ್ದು ಸರಿಯಿಲ್ಲವೆಂದೋ ಬೇಸರಪಟ್ಟುಕೊಳ್ಳುವವರನ್ನು ರಾಮಕೃಷ್ಣಪುರಂನ ದೆಹಲಿ ಕರ್ನಾಟಕ ಸಂಘದ ಅಂಗಳದಲ್ಲಿ ಚಳಿಗಾಲ ಬಂದಾಗಲೆಲ್ಲ ಕಾಣಬಹುದು. ಉದ್ದಿನದಾಗಲಿ ಕೈಯದಾಗಲಿ ದೋಷವೇನೂ ಇಲ್ಲ. ‘ರಾತ್ರಿ ಮುಚ್ಚಿಡಿ’ ಎಂಬ ಎರಡು ಮಾತುಗಳ ಒಳಗೆ ಊರಿನ ಹವೆಯೇ ಒಂದು ಪದಾರ್ಥವಾಗಿ ಅಡಗಿದೆ. ಜನವರಿಯ ಸರಾಸರಿ ಕನಿಷ್ಠ ತಾಪ ಮಂಗಳೂರಿನಲ್ಲಿ ಸುಮಾರು 21 ಡಿಗ್ರಿ ಸೆಲ್ಸಿಯಸ್, ಬೆಂಗಳೂರಿನಲ್ಲಿ ಸುಮಾರು 16. ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಅದು 7ರಿಂದ 8. ಬಿಸಿಲು ಬೀಳದ ಅಡುಗೆಮನೆಯಲ್ಲಿ ರಾತ್ರಿಯಿಡೀ 12 ಡಿಗ್ರಿಯ ಆಸುಪಾಸು. ನಾವು ಊರಿಂದ ಹೊತ್ತು ತಂದದ್ದು ರಾಗಿ, ಉದ್ದು, ಮೆಂತ್ಯ ಮತ್ತು ಅಜ್ಜಿಯ ಅಳತೆ. ಆ ಅಳತೆ ಯಾವ ಹವೆಗೆ ಹೊಂದಿತ್ತೋ ಆ ಹವೆ ಮಾತ್ರ ಅಲ್ಲೇ ಉಳಿಯಿತು. ಈ ಅಧ್ಯಾಯ ಅದನ್ನು ಮತ್ತೆ ಮನೆಯೊಳಗೆ ಮಾಡಿಕೊಳ್ಳುವ ಬಗೆಗೆ.

ಮೊದಲು ಗಂಜಿ. ಹಿಟ್ಟನ್ನು ತಣ್ಣೀರಿನಲ್ಲೇ ಏಕೆ ಕದಡಬೇಕು? ರಾಗಿ ಹಿಟ್ಟಿನ ಬಹುಪಾಲು ಪಿಷ್ಟ. ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಕುಳಿತಿರುತ್ತದೆ. ಪ್ರತಿ ಕಣದಲ್ಲೂ ಅಮೈಲೋಸ್ ಎಂಬ ನೀಳ ಸರಪಳಿಗಳೂ ಅಮೈಲೋಪೆಕ್ಟಿನ್ ಎಂಬ ಕವಲೊಡೆದ ಸರಪಳಿಗಳೂ ಒತ್ತಾಗಿ ಹೆಣೆದುಕೊಂಡಿರುತ್ತವೆ. ತಣ್ಣೀರು ಈ ಹೆಣಿಗೆಯನ್ನು ಬಿಚ್ಚಲಾರದು. ತಾಪ 65ರಿಂದ 75 ಡಿಗ್ರಿಯ ನಡುವೆ ಏರಿದಾಗ ಹೆಣಿಗೆ ಸಡಿಲಗೊಂಡು ನೀರು ಒಳನುಗ್ಗುತ್ತದೆ, ಕಣ ಹಲವು ಪಟ್ಟು ಉಬ್ಬುತ್ತದೆ, ಅಮೈಲೋಸ್ ಹೊರಗೆ ಸೋರಿ ನೀರನ್ನೆಲ್ಲ ಮಂದವಾಗಿಸುತ್ತದೆ. ಗಂಜಿ ‘ಹಿಡಿಯುವುದು’ ಎಂದರೆ ಇದೇ. ಒಣ ಹಿಟ್ಟನ್ನು ನೇರ ಕುದಿನೀರಿಗೆ ಸುರಿದರೆ ಮುದ್ದೆಯ ಹೊರಪದರ ಆ ಕ್ಷಣದಲ್ಲೇ ಅಂಟಾಗಿ, ನೀರು ಒಳಗೆ ಇಳಿಯದಂತೆ ತಡೆಯುತ್ತದೆ. ಒಳಗಿನ ಹಿಟ್ಟು ಒಣಗಿಯೇ ಉಳಿದು ಗಂಟಾಗುತ್ತದೆ. ಮೊದಲೇ ತಣ್ಣೀರಿನಲ್ಲಿ ಕದಡಿದರೆ ಪ್ರತಿ ಕಣದ ಸುತ್ತ ನೀರಿರುತ್ತದೆ, ಎಲ್ಲವೂ ಒಟ್ಟಿಗೆ ಉಬ್ಬುತ್ತವೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ದೆಹಲಿ ಇರುವುದು 200 ಮೀಟರಿಗೆ ತುಸು ಮೇಲೆ, ಕುದಿಬಿಂದು 99 ದಾಟುತ್ತದೆ. ತೆರೆದ ಪಾತ್ರೆಯ ಬೇಳೆಗೆ ಈ ಎರಡು ಡಿಗ್ರಿ ಲಾಭವೇ. ಗಂಜಿಗೆ ಏನೂ ವ್ಯತ್ಯಾಸವಿಲ್ಲ, ಅದರ ಕೆಲಸ ಬಹುಪಾಲು 75ರ ಒಳಗೇ ಮುಗಿದಿರುತ್ತದೆ. ಬೇಳೆಗೆ ದೆಹಲಿಯಲ್ಲಿ ಕಾಟ ಬೇರೆ ಕಡೆಯಿಂದ ಬರುತ್ತದೆ. ಗುರುಗ್ರಾಮ, ದ್ವಾರಕಾ, ನೊಯ್ಡಾಗಳ ಅನೇಕ ವಸತಿ ಸಮುಚ್ಚಯಗಳಲ್ಲಿ ಬೋರ್‌ವೆಲ್ ನೀರು ಬೆರೆಯುತ್ತದೆ, ಅದು ಗಡಸು. ತೊಗರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪೆಕ್ಟಿನ್, ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಇನ್ನೂ ಬಿಗಿಯಾಗುತ್ತದೆ. ಎಷ್ಟು ಸೀಟಿ ಹೊಡೆಸಿದರೂ ಬೇಳೆ ಬಿಡಿಬಿಡಿಯಾಗಿಯೇ ಉಳಿಯುವುದಕ್ಕೆ ಇದು ದೊಡ್ಡ ಕಾರಣ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪುವಂಥದ್ದು. ಬೇರೆ ನೀರೇ ಸಿಗದಿದ್ದರೆ 600ರವರೆಗೂ ಪರವಾನಗಿ ಇದೆ. ಮನೆಮನೆಯಲ್ಲಿರುವ ಪೆನ್ನಿನಾಕಾರದ ಟಿಡಿಎಸ್ ಮೀಟರ್ ಗಡಸುತನವನ್ನು ನೇರವಾಗಿ ಅಳೆಯುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆಂದು ನೋಡಿ, ಕರಗಿದ ಎಲ್ಲ ಲವಣಗಳ ಮೊತ್ತವನ್ನು ಅಂದಾಜಿಸುತ್ತದೆ. ಆದರೂ ನಲ್ಲಿಯ ನೀರಿಗೂ ಶೋಧಿಸಿದ ನೀರಿಗೂ ಅದು ತೋರಿಸುವ ಅಂತರ ನೋಡಿದರೆ, ಬೇಳೆಯನ್ನು ಯಾವುದರಲ್ಲಿ ಬೇಯಿಸಬೇಕೆಂಬುದು ತಿಳಿಯುತ್ತದೆ.

ಇನ್ನು ಹುಳಿಯ ವಿಷಯ. ಇಲ್ಲಿಯೇ ಚಳಿ ತನ್ನ ಪೂರ್ಣ ಬಲ ತೋರಿಸುವುದು.

ಇಡ್ಲಿ ಹಿಟ್ಟು ಉಬ್ಬುವುದು ಯಾರಿಂದ? 1965ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನದ ಪತ್ರಿಕೆಯೊಂದರಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಹಿಟ್ಟನ್ನು ಉಬ್ಬಿಸುವ ಮುಖ್ಯ ಜೀವಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು ಅವರು ತೋರಿಸಿದರು. ಅಲ್ಲಿಯವರೆಗೆ ಅನೇಕರ ಅನುಮಾನ ಬ್ರೆಡ್ಡಿನ ಯೀಸ್ಟಿನ ಮೇಲಿತ್ತು. ಈ ಜೀವಿ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಆಮ್ಲ ಹುಳಿ ಕೊಡುತ್ತದೆ, ಅನಿಲ ಹಿಟ್ಟನ್ನು ಎತ್ತುತ್ತದೆ. ಅನಿಲ ಓಡಿಹೋಗದಂತೆ ಹಿಡಿದಿಡುವುದು ಉದ್ದಿನ ಪ್ರೋಟೀನ್ ಮತ್ತು ಅದರ ಲೋಳೆ. ಒಂದು ಚಮಚ ಮೆಂತ್ಯ ಹಾಕುವುದೂ ಅದೇ ಲೋಳೆಗೆ ಬಲ ಕೊಡಲೆಂದು. ಈ ಬ್ಯಾಕ್ಟೀರಿಯಾವನ್ನು ಯಾರೂ ತಂದು ಹಾಕಬೇಕಿಲ್ಲ, ಉದ್ದಿನ ಮೇಲೇ ಇರುತ್ತದೆ; ದೆಹಲಿಯ ಉದ್ದಿನ ಮೇಲೂ ಇರುತ್ತದೆ. ಅಂಬಲಿಯ ಕತೆ ತುಸು ಬೇರೆ. ಗಂಜಿ ಕುದಿದಾಗ ರಾಗಿಯ ಜೀವಿಗಳು ಹೆಚ್ಚುಕಮ್ಮಿ ಎಲ್ಲ ಸತ್ತಿರುತ್ತವೆ. ಮಜ್ಜಿಗೆಯೊಡನೆ ಬರುವ ಲ್ಯಾಕ್ಟಿಕ್ ಆಮ್ಲ ಜೀವಿಗಳೇ ಅಲ್ಲಿನ ಬೀಜ. ಗಂಜಿ ಇನ್ನೂ ಸುಡುತ್ತಿರುವಾಗಲೇ ಮಜ್ಜಿಗೆ ಸುರಿದರೆ ಆ ಬೀಜವೂ ಬೆಂದುಹೋಗುತ್ತದೆ.

ಜೀವಿಗಳ ಕೆಲಸದ ವೇಗಕ್ಕೆ ಒಂದು ಒರಟು ಲೆಕ್ಕವಿದೆ: ತಾಪ 10 ಡಿಗ್ರಿ ಇಳಿದರೆ ವೇಗ ಸುಮಾರು ಅರ್ಧವಾಗುತ್ತದೆ. 30 ಡಿಗ್ರಿಯಲ್ಲಿ 8 ಗಂಟೆಗೆ ಆಗುವ ಹುಳಿ 20ರಲ್ಲಿ 16 ಗಂಟೆ ಕೇಳುತ್ತದೆ. 10ಕ್ಕೆ ಇಳಿದಾಗ 32 ಗಂಟೆ ಸಾಕಾಗಬೇಕಿತ್ತು, ಆದರೆ ಅಷ್ಟು ಕೆಳಗೆ ಈ ಲೆಕ್ಕವೇ ಮುರಿಯುತ್ತದೆ. ಪ್ರತಿ ಜೀವಿಗೂ ತಾನು ಬೆಳೆಯಬಲ್ಲ ಕೆಳಮಿತಿಯೊಂದು ಇರುತ್ತದೆ, ಅದರ ಹತ್ತಿರ ಬಂದಂತೆ ವೇಗ ಸೊನ್ನೆಯತ್ತ ಕುಸಿಯುತ್ತದೆ. ಚಳಿಯಲ್ಲಿ ಹಿಟ್ಟನ್ನು ಎರಡು ದಿನ ಇಟ್ಟರೂ ಸರಿಹೋಗದೆ ಇರುವುದು ಇದಕ್ಕೇ. ನಿಧಾನಕ್ಕೆ ಬೆಳೆಯುವ ನಮ್ಮ ಜೀವಿಗಳ ಜಾಗಕ್ಕೆ ಚಳಿಯನ್ನು ಇಷ್ಟಪಡುವ ಬೇರೆಯವು ಬಂದು ಕೂರುತ್ತವೆ, ಕಮಟು ವಾಸನೆ ಏಳುತ್ತದೆ.

ಹಾಗಾಗಿ ಊರಿನ ಹವೆಯನ್ನು ಒಳಗೆ ಹಿಡಿದಿಡುವ ಒಂದು ಬೆಚ್ಚನೆಯ ಪೆಟ್ಟಿಗೆ ಬೇಕು. ಇಲ್ಲಿಂದ ಅಡುಗೆ ಹವ್ಯಾಸಿ ಎಲೆಕ್ಟ್ರಾನಿಕ್ಸ್‌ನೊಳಗೆ ಕಾಲಿಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಾಜೆಕ್ಟ್ ನನಗೆ ಗೊತ್ತಿಲ್ಲ, ಏಕೆಂದರೆ ಫಲಿತಾಂಶವನ್ನು ಮರುದಿನ ಬೆಳಿಗ್ಗೆ ತಿನ್ನಬಹುದು. ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರುಕಟ್ಟೆಯ ಸಂದಿಗಳಲ್ಲಿ ರೆಸಿಸ್ಟರ್‌ನಿಂದ ಹಿಡಿದು ರಿಲೇ, ಸೆನ್ಸರ್, ಚಿಕ್ಕ ಫ್ಯಾನುಗಳವರೆಗೆ ಎಲ್ಲವೂ ಸಿಗುತ್ತದೆ. ಬೇಕಾಗುವುದು ಒಂದು ಥರ್ಮಾಕೋಲ್ ಪೆಟ್ಟಿಗೆ, ಒಂದು ಬಲ್ಬು, ಡಬ್ಲ್ಯೂ1209 ಎಂಬ ಹೆಸರಿನ ಬೆಂಕಿಪೊಟ್ಟಣದಷ್ಟು ಗಾತ್ರದ ಥರ್ಮೋಸ್ಟಾಟ್ ಹಲಗೆ, ಅದನ್ನು ನಡೆಸಲು 12 ವೋಲ್ಟಿನ ಅಡಾಪ್ಟರ್.

ಬಲ್ಬು ಎಷ್ಟು ವ್ಯಾಟಿನದಿರಬೇಕು? ಇದನ್ನು ಊಹಿಸಬೇಕಿಲ್ಲ, ಲೆಕ್ಕ ಹಾಕಬಹುದು. ಒಳಗೆ ಮೂರೂ ಕಡೆ 30 ಸೆಂಟಿಮೀಟರ್ ಅಳತೆಯ ಪೆಟ್ಟಿಗೆ ಎಂದಿಟ್ಟುಕೊಳ್ಳೋಣ. ಆರು ಮುಖಗಳ ಒಟ್ಟು ವಿಸ್ತೀರ್ಣ 0.54 ಚದರ ಮೀಟರ್. ಗೋಡೆಯ ದಪ್ಪ ಎರಡೂವರೆ ಸೆಂಟಿಮೀಟರ್. ಥರ್ಮಾಕೋಲಿನ ಉಷ್ಣವಾಹಕತೆ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.035 ವ್ಯಾಟ್. ವಾಹಕತೆಯನ್ನು ವಿಸ್ತೀರ್ಣದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ಅಂತರಕ್ಕೆ ಮುಕ್ಕಾಲು ವ್ಯಾಟ್ ಸೋರುತ್ತದೆ ಎಂದು ತಿಳಿಯುತ್ತದೆ. ಹೊರಗೆ 12, ಒಳಗೆ 30 ಬೇಕು, ಅಂತರ 18 ಡಿಗ್ರಿ. ಸೋರಿಕೆ ಸುಮಾರು 14 ವ್ಯಾಟ್. ಅಂದರೆ 15 ವ್ಯಾಟಿನ ಹಳೆಯ ತಂತಿಬಲ್ಬು ಪೆಟ್ಟಿಗೆಯನ್ನು ಅಂಚಿನಲ್ಲಿ ಹಿಡಿದಿಡುತ್ತದೆ, 25 ವ್ಯಾಟಿನದು ಆರಾಮವಾಗಿ.

ಎಲ್‌ಇಡಿ ಬಲ್ಬು ಶಾಖವನ್ನೇ ಕೊಡುವುದಿಲ್ಲ ಎಂಬ ಮಾತು ಇಲ್ಲಿ ಕೇಳಿಬರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ನಿಜವಲ್ಲ. 9 ವ್ಯಾಟಿನ ಎಲ್‌ಇಡಿ ಹೆಚ್ಚು ಬೆಳಕು ಕೊಡುತ್ತದೆ, ಆದರೆ ಆ ಬೆಳಕೂ ಗೋಡೆಗೆ, ಪಾತ್ರೆಗೆ ಬಿದ್ದು ಕೊನೆಗೆ ಶಾಖವೇ ಆಗುತ್ತದೆ. ಒಳಬಂದ 9 ವ್ಯಾಟೂ ಒಳಗೇ ಶಾಖ. ಅದು ಹಿಡಿದಿಡಬಲ್ಲ ಅಂತರ 12 ಡಿಗ್ರಿ, ಅಂದರೆ ಪೆಟ್ಟಿಗೆ 24ರವರೆಗೆ ಏರುತ್ತದೆ. ನಿಧಾನವಾದರೂ ಅಂಬಲಿಗೆ ಆಗುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ, ಮೊದಲ ಸಲ ಪೆಟ್ಟಿಗೆ ಮಾಡುವವರ ಕಣ್ಣಿಗೆ ಬೀಳದೆ ಹೋಗುವುದೂ ಅದೇ. 2 ಲೀಟರ್ ಗಂಜಿಯನ್ನು 12ರಿಂದ 30 ಡಿಗ್ರಿಗೆ ಏರಿಸಲು ಸುಮಾರು 150 ಕಿಲೋಜೌಲ್ ಬೇಕು. 25 ವ್ಯಾಟಿನಲ್ಲಿ ಗೋಡೆಯ ಪಾಲು 14 ಕಳೆದರೆ ಗಂಜಿಗೆ ಸಿಗುವುದು 11 ವ್ಯಾಟ್. ಆ ಗತಿಯಲ್ಲಿ 150 ಕಿಲೋಜೌಲ್ ತುಂಬಲು ಹೆಚ್ಚುಕಮ್ಮಿ ನಾಲ್ಕು ಗಂಟೆ! ರಾತ್ರಿಯ ಅರ್ಧ ಬರೀ ಕಾಯುವುದರಲ್ಲೇ ಕಳೆಯಿತು. ಆದ್ದರಿಂದ ಬಿಸಿ ಮಾಡುವ ಕೆಲಸವನ್ನು ಬಲ್ಬಿಗೆ ಕೊಡಬಾರದು. ಗಂಜಿಯನ್ನು ಪೂರ್ತಿ ತಣ್ಣಗಾಗಲು ಬಿಡದೆ, ಬೆರಳಿಗೆ ಹಿತವೆನಿಸುವ 32-33 ಡಿಗ್ರಿಯಲ್ಲೇ ಮಜ್ಜಿಗೆ ಬೆರೆಸಿ ಒಳಗಿಡಬೇಕು. ಇಡ್ಲಿಗಾದರೆ ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಬೇಕು. ಪೆಟ್ಟಿಗೆಯ ಕೆಲಸ ಇದ್ದ ಶಾಖವನ್ನು ಕಾಯುವುದು ಮಾತ್ರ. ಪಂಜಾಬಿ ನೆರೆಮನೆಯವರು ಮೊಸರಿಗೆ ಹೆಪ್ಪು ಹಾಕಿ ಪಾತ್ರೆಯನ್ನು ರಜಾಯಿಯಲ್ಲಿ ಸುತ್ತಿಡುತ್ತಾರಲ್ಲ, ಅಲ್ಲಿರುವುದೂ ಈ ತಿಳಿವಳಿಕೆಯೇ: ಹಾಲು ಬೆಚ್ಚಗಿರುವಾಗಲೇ ಸುತ್ತುತ್ತಾರೆ.

ಥರ್ಮೋಸ್ಟಾಟ್ ಹಲಗೆಯಿಂದ ಹೊರಡುವ ತಂತಿಯ ತುದಿಯಲ್ಲಿರುವ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿಯಾದಂತೆ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಹಲಗೆ ಆ ರೋಧವನ್ನು ಓದಿ, 30 ತಲುಪಿದಾಗ ಬಲ್ಬಿನ ಸ್ವಿಚ್ಚಾದ ರಿಲೇಯನ್ನು ಬಿಡುತ್ತದೆ, 28ಕ್ಕೆ ಇಳಿದಾಗ ಮತ್ತೆ ಹಿಡಿಯುತ್ತದೆ. ನಡುವಿನ ಈ 2 ಡಿಗ್ರಿ ಬೇಕೆಂದೇ ಬಿಟ್ಟದ್ದು, ಇಲ್ಲದಿದ್ದರೆ ಬಲ್ಬು ಕ್ಷಣಕ್ಷಣಕ್ಕೂ ಹತ್ತಿ ಆರಿ ರಿಲೇ ಬೇಗ ಸವೆಯುತ್ತದೆ. ಸೆನ್ಸರನ್ನು ಎಲ್ಲಿಡಬೇಕು ಎಂಬುದರಲ್ಲಿ ಕುಶಲತೆ ಇದೆ. ಬಲ್ಬಿನ ಹತ್ತಿರದ ಗಾಳಿಯಲ್ಲಿ ನೇತುಹಾಕಿದರೆ ಗಾಳಿ ಎರಡು ನಿಮಿಷಕ್ಕೆ 30 ಮುಟ್ಟಿ ಬಲ್ಬು ಆರುತ್ತದೆ, ಹಿಟ್ಟು 20ರಲ್ಲೇ ಇರುತ್ತದೆ. ಹಿಟ್ಟಿನಲ್ಲೇ ಮುಳುಗಿಸಿದರೆ ಹಿಟ್ಟು 30 ಆಗುವ ಹೊತ್ತಿಗೆ ಗಾಳಿ 40 ದಾಟಿರಬಹುದು, ಬಲ್ಬು ಆರಿದ ಮೇಲೂ ಹಿಟ್ಟು ಏರುತ್ತಲೇ ಹೋಗುತ್ತದೆ. ಪಾತ್ರೆಯ ಪಕ್ಕ ಒಂದು ಲೋಟ ನೀರಿಟ್ಟು ಅದರಲ್ಲಿ ಸೆನ್ಸರ್ ಮುಳುಗಿಸುವುದು ನನಗೆ ಒಪ್ಪಿಗೆಯಾದ ಉಪಾಯ. ನೀರು ಗಾಳಿಯಷ್ಟು ಚಂಚಲವಲ್ಲ, ಹಿಟ್ಟಿನಷ್ಟು ಮಂದವೂ ಅಲ್ಲ. ಆಹಾರದೊಳಗೆ ತಂತಿ ಇಳಿಬಿಡುವ ಗೋಜೂ ಇಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಥರ್ಮಾಕೋಲ್ 100 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಉರಿಯುವ ತಂತಿಬಲ್ಬಿನ ಗಾಜು ಅದಕ್ಕಿಂತಲೂ ಬಿಸಿಯಾಗಬಹುದು. ಬಲ್ಬಿನ ಸುತ್ತ ತಗಡಿನ ಗೂಡು ಇರಲೇಬೇಕು, ಯಾವ ಗೋಡೆಗೂ ಅದು ತಾಗಬಾರದು. 230 ವೋಲ್ಟಿನ ತಂತಿಗಳು ರಿಲೇಗೆ ಸೇರುವ ಜಾಗ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿರಬೇಕು. ಆ ಜೋಡಣೆಯನ್ನು ಮಕ್ಕಳಿಗೆ ಬಿಡದೆ, ತಿಳಿದವರಿಂದಲೇ ಮಾಡಿಸಬೇಕು.

ಇದೇ ಪೆಟ್ಟಿಗೆಗೆ ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರನ್ನೂ ಇಎಸ್‌ಪಿ32 ಎಂಬ ವೈಫೈ ಹಲಗೆಯನ್ನೂ ಸೇರಿಸಿದರೆ ರಾತ್ರಿಯ ತಾಪ ಗೆರೆಯಾಗಿ ಫೋನಿನಲ್ಲಿ ಮೂಡುತ್ತದೆ. ಈ ಸೆನ್ಸರ್ ಅರ್ಧ ಡಿಗ್ರಿಯೊಳಗಿನ ನಿಖರತೆಯುಳ್ಳದ್ದು, ಉಕ್ಕಿನ ಕೊಳವೆಯೊಳಗೆ ಕೂತು ಬರುವುದರಿಂದ ನೀರಿಗೆ ಹೆದರುವುದಿಲ್ಲ. ಬಲ್ಬು ಹತ್ತಿ ಆರುವುದು ಗರಗಸದ ಹಲ್ಲುಗಳಂತೆ ಕಾಣುತ್ತದೆ. ಚಳಿ ಹೆಚ್ಚಿದ ಹೊತ್ತಿನಲ್ಲಿ ಆರಿರುವ ಅವಧಿ ಕಿರಿದಾಗುತ್ತದೆ. ಉಷ್ಣ ಹರಿಯುವ ನಿಯಮವನ್ನು ಶಾಲೆಯಲ್ಲಿ ಸೂತ್ರವಾಗಿ ಓದಿದವರಿಗೆ ಅದು ತಮ್ಮದೇ ಮನೆಯ ಗೆರೆಯಾಗಿ ಕಾಣುವ ಸಂತೋಷ ಬೇರೆಯೇ.

ಪೆಟ್ಟಿಗೆ ಮೊಳಕೆಗೂ ಆಗುತ್ತದೆ. ಚಳಿಯಲ್ಲಿ ರಾಗಿ ಮೊಳೆಯುವುದೂ ಕಷ್ಟ, ಮೊಳೆಯದಿದ್ದರೆ ಮಾಲ್ಟ್ ಇಲ್ಲ. ಮೊಳಕೆಯೊಡೆದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟದ ಸರಪಳಿಗಳನ್ನು ತುಂಡರಿಸುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಕೂಸುಗಳ ಆಹಾರ ರೂಪಿಸಿದ್ದು ಈ ಗುಣದ ಮೇಲೆಯೇ. ಮಗುವಿನ ಹೊಟ್ಟೆ ಚಿಕ್ಕದು. ಸಾದಾ ಹಿಟ್ಟಿನ ಗಂಜಿ ನುಂಗುವಷ್ಟು ತೆಳ್ಳಗಾಗಬೇಕಾದರೆ ನೀರೇ ಹೆಚ್ಚು, ಹಿಟ್ಟು ಕಡಿಮೆ. ಮಾಲ್ಟ್ ಗಂಜಿಯಲ್ಲಿ ಕಿಣ್ವವೇ ಅದನ್ನು ತೆಳುವಾಗಿಸುವುದರಿಂದ ಅಷ್ಟೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಗಂಜಿಯನ್ನು ಸಣ್ಣ ಉರಿಯಲ್ಲಿ ನಿಧಾನ ಬಿಸಿಮಾಡಬೇಕು. ಪಿಷ್ಟ ಉಬ್ಬಿ ತೆರೆದುಕೊಂಡಾಗ ಕಿಣ್ವ ಇನ್ನೂ ಬದುಕಿರಬೇಕು. ದಿಢೀರನೆ ಕುದಿಸಿದರೆ ಕೆಲಸಕ್ಕೆ ಮೊದಲೇ ಅದು ಸಾಯುತ್ತದೆ. ಇದು ತಾಯಂದಿರಿಗೆಲ್ಲ ತಲುಪಬೇಕಾದ ವಿಜ್ಞಾನ ಎಂದು ನಾನು ನಂಬಿದ್ದೇನೆ.

ಮೇ ತಿಂಗಳು ಬಂತೆಂದರೆ ಸಮಸ್ಯೆ ತಿರುಗುಮುರುಗು. ಹೊರಗೆ 42-43, ಅಡುಗೆಮನೆ 38. ಈಗ ಹಿಟ್ಟು ನಾಲ್ಕೈದು ಗಂಟೆಗೇ ಹುಳಿಯುತ್ತದೆ, ಆದರೆ ಉಬ್ಬು ಕಡಿಮೆ. ಲ್ಯೂಕೊನೊಸ್ಟಾಕ್‌ಗೆ 20ರಿಂದ 30 ಡಿಗ್ರಿ ಹಿತ. 40ರ ಹತ್ತಿರ ಅದು ಸೋಲುತ್ತದೆ, ಅನಿಲ ಬಿಡದೆ ಬರೀ ಆಮ್ಲ ಮಾಡುವ ಜಾತಿಗಳು ಮುಂದೆ ಓಡುತ್ತವೆ. ಹುಳಿ ಹೆಚ್ಚು, ಇಡ್ಲಿ ಗಟ್ಟಿ.

ಇದಕ್ಕೆ ದೆಹಲಿಯ ಬೀದಿಬೀದಿಯಲ್ಲಿ ಮಾರುವ ಮಟ್ಕಾ ಸಾಕು. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಒಯ್ಯುತ್ತದೆ. ಎಷ್ಟು ತಣ್ಣಗಾಗಬಹುದೆಂಬ ಮಿತಿಯನ್ನು ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುತ್ತದೆ. ಗಾಳಿ 42 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಅದು ಸುಮಾರು 24ಕ್ಕೆ ನಿಲ್ಲುತ್ತದೆ. ಅಂಬಲಿಯ ಪಾತ್ರೆಯನ್ನು ಮಡಕೆಯ ನೀರಿನಲ್ಲಿ ಅರ್ಧ ಮುಳುಗಿಸಿಟ್ಟು, ಮೇಲೆ ಒದ್ದೆ ಗೋಣಿ ಹೊದೆಸಿ ನೆರಳಿನಲ್ಲಿ ಗಾಳಿ ಆಡುವಲ್ಲಿ ಇಟ್ಟರೆ ಸುಡುವ ಲೂ ಗಾಳಿಯಲ್ಲೇ 26-28 ಡಿಗ್ರಿ ಸಿಗುತ್ತದೆ. ವಿದ್ಯುತ್ತು ಬೇಡ, ಹಲಗೆ ಬೇಡ.

ಈ ಬಿಸಿಲಿಗೆ ಇಲ್ಲಿನವರು ತಮ್ಮದೇ ಅಂಬಲಿ ಮಾಡಿಕೊಂಡಿದ್ದಾರೆ. ಹರಿಯಾಣ, ರಾಜಸ್ಥಾನಗಳ ರಾಬ್ಡಿ ಎಂದರೆ ಹಾಲಿನ ಸಿಹಿ ರಬ್ಡಿಯಲ್ಲ. ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ, ಬಿಸಿಲಿನಲ್ಲಿ ಕೆಲವು ಗಂಟೆ ಹುಳಿಯಲು ಬಿಟ್ಟು, ಆಮೇಲೆ ಕಾಯಿಸಿ ಉಪ್ಪು ಜೀರಿಗೆ ಹಾಕಿ ಕುಡಿಯುವ ಗಂಜಿ. ಗುರುಗ್ರಾಮದ ಗಗನಚುಂಬಿಗಳ ಪಕ್ಕದ ಹಳೆಯ ಹಳ್ಳಿಗಳಲ್ಲಿ ವಯಸ್ಸಾದವರಿಗೆ ಇದರ ರುಚಿ ಇನ್ನೂ ಗೊತ್ತು. ಕ್ರಮವನ್ನು ಗಮನಿಸಿ: ನಾವು ಕಾಯಿಸಿ ಹುಳಿಸುತ್ತೇವೆ, ಅವರು ಹುಳಿಸಿ ಕಾಯಿಸುತ್ತಾರೆ. ಹಸಿ ಹಿಟ್ಟು ಹುಳಿಯುವಾಗ ಧಾನ್ಯದ ಫೈಟೇಸ್ ಕಿಣ್ವ ಇನ್ನೂ ಜೀವಂತವಿರುತ್ತದೆ. ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುವ ಫೈಟಿಕ್ ಆಮ್ಲವನ್ನು ಅದು ಒಡೆಯುತ್ತದೆ. 1980ರ ದಶಕದಲ್ಲಿ ಹಿಸಾರ್‌ನ ಹರಿಯಾಣ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಾಬ್ಡಿಯನ್ನು ಬೇರೆ ಬೇರೆ ತಾಪಗಳಲ್ಲಿ ಹುಳಿಸಿ ಫೈಟಿಕ್ ಆಮ್ಲ ಇಳಿಯುವುದನ್ನು ಅಳೆದರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ನಾವು ಹೆಮ್ಮೆಪಡುತ್ತೇವೆ. ಅದರಲ್ಲಿ ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬುದೂ ಅಷ್ಟೇ ಮುಖ್ಯ. ದೆಹಲಿಯ ಕನ್ನಡಿಗರು ಬೇಸಿಗೆಯಲ್ಲಿ ರಾಗಿಯನ್ನು ರಾಬ್ಡಿಯ ಕ್ರಮದಲ್ಲಿ, ಅಂದರೆ ಹಸಿ ಹಿಟ್ಟನ್ನೇ ಮಜ್ಜಿಗೆಯಲ್ಲಿ ಹುಳಿಸಿ, ಆಮೇಲೆ ಕಾಯಿಸಿ ನೋಡಬೇಕೆಂಬುದು ನನ್ನ ಶಿಫಾರಸು. ಸಜ್ಜೆಯಲ್ಲೇ ಮಾಡುವುದಾದರೆ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಬೀಸಿಸಿ. ಅದರಲ್ಲಿ ಶೇ. 5ರಷ್ಟು ಕೊಬ್ಬಿದೆ, ಬೀಸಿದ ಕೂಡಲೇ ಕಿಣ್ವಗಳು ಅದನ್ನು ಒಡೆಯತೊಡಗಿ ಕೆಲವೇ ದಿನಕ್ಕೆ ಕಹಿಯಾಗುತ್ತದೆ. ರಾಗಿಯ ಕೊಬ್ಬು ಶೇ. 1ರಿಂದ 2ರಷ್ಟೇ, ಹಿಟ್ಟು ತಿಂಗಳುಗಟ್ಟಲೆ ತಡೆಯುತ್ತದೆ.

ಮಳೆ ಬಂದಾಗ ಮಡಕೆ ಸೋಲುತ್ತದೆ. ಆಗಸ್ಟಿನ 34 ಡಿಗ್ರಿ, ಶೇ. 75ರ ತೇವಾಂಶದಲ್ಲಿ ಒದ್ದೆಬಟ್ಟೆಯ ಥರ್ಮಾಮೀಟರು 30ರಿಂದ ಕೆಳಗೆ ಇಳಿಯುವುದಿಲ್ಲ. ಈಗ ಪಾತ್ರೆಯನ್ನು ಸುಮ್ಮನೆ ಕಟ್ಟೆಯ ಮೇಲೆ ಬಿಟ್ಟರೂ ಆರೇಳು ಗಂಟೆಗೆ ಹಿಟ್ಟು ತಾನೇ ಏಳುತ್ತದೆ, ಕರಾವಳಿಯ ಅಡುಗೆಮನೆಯಲ್ಲಿ ಏಳುವ ಹಾಗೆಯೇ. ನೋಡಿಕೊಳ್ಳಬೇಕಾದ್ದು ಬೂಷ್ಟು: ಮಜ್ಜಿಗೆಯನ್ನು ಸ್ವಲ್ಪ ಧಾರಾಳವಾಗಿ ಹಾಕಿ ಬೇಗ ಹುಳಿ ಬರುವಂತೆ ಮಾಡಬೇಕು. ಲಿಟ್ಮಸ್ಸಿನಂಥ ಪಿಎಚ್ ಕಾಗದದ ಪಟ್ಟಿ ಅದ್ದಿದರೆ 4.5 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಗುಲಾಬಿಯೋ ಹಸಿರೋ ಬಣ್ಣದ ಮಚ್ಚೆ ಎಲ್ಲಿಯಾದರೂ ಕಂಡರೆ ಮೇಲಿನದ್ದನ್ನು ಮಾತ್ರ ತೆಗೆದು ಕೆಳಗಿನದ್ದನ್ನು ಬಳಸಬಾರದು, ಪೂರ್ತಿ ಚೆಲ್ಲಿ ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆಯಬೇಕು.